ನಡುನೀರಿನ ತನಕ

"ಜಾಕೀಟ್ ಹಾಕ್ಕಳ್ದೆ ನನ್ ತೆಪ್ಪ ಅತ್ತಂಗಿಲ್ಲ ಮೇಡಂ. ಇಳೀರಿ!"

ತೇಜಸ್ವಿನಿಗೆ ಮೈಯೆಲ್ಲ ಉರಿದುಹೋಯಿತು. ಹಾಲೆಂಡಿನಿಂದ ಬಂದ ಅತಿಥಿಗಳ ಎದುರಿಗೇ ಹೀಗಾ ಮಾತಾಡೋದು?!

"ಏನ್ರೀ, ಇವರನ್ನ ಕರ್ಕೊಂಡು ಬಂದಿರೋಳೇ ನಾನು. ನನಗೇ ಇಳೀರಿ ಅಂತೀರಾ?"

"ನೀವು ಯಾರು ಅಂತ ನೀರಿಗೆ ಗೊತ್ತಾಗಕಿಲ್ಲ ಕಣ್ರೀ. ಸೀರೆ ಬೇರೆ ಉಟ್ಕಂಡಿದೀರಾ. ಮುಳುಗಿದ್ರೆ ನಾನೇನ್ ಮಾಡ್ಲಿ?"

"ನನಗೆ ಈಜು ಬರುತ್ತೆ!"

"ಸುಳ್ಳು," ಎಂದ ಅವನು. ತುಟಿಯಂಚಿನಲ್ಲಿ ನಗು ಬೇರೆ. "ಈಜು ಬರೋರು ತೆಪ್ಪದ ಅಂಚನ್ನ ಅಂಗ್ ಇಡ್ಕಳಕಿಲ್ಲ."

ಅವಳು ತನ್ನ ಕೈ ನೋಡಿಕೊಂಡಳು. ಬೆರಳುಗಳು ತೆಪ್ಪದ ಬಿದಿರನ್ನು ಬಿಗಿಯಾಗಿ ಕಚ್ಚಿಕೊಂಡಿದ್ದವು. ನಾಚಿಕೆಯಾಯಿತು. ತೆಪ್ಪಗೆ ಜಾಕೀಟು ಹಾಕಿಕೊಂಡಳು.

ತೇಜಸ್ವಿನಿ ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿಯ ಜೈನರ ಹುಡುಗಿ. ತೆಂಗಿನ ನಾರಿನ ಪುಡಿಯನ್ನು ಹೊರದೇಶಕ್ಕೆ ಕಳಿಸುವ ಹಾಸನದ ಒಂದು ಕಂಪನಿಯಲ್ಲಿ ಕೆಲಸ. ಮಾಲು ನೋಡಲು ಬರುವ ವಿದೇಶಿ ವ್ಯಾಪಾರಿಗಳನ್ನು ಎರಡು ದಿನ ಕಾರ್ಖಾನೆ, ಗೋದಾಮು ಅಂತ ಸುತ್ತಿಸಿ, ಮೂರನೇ ದಿನ ಊರು ತೋರಿಸುವುದು ಅವಳ ಜವಾಬ್ದಾರಿ. ಆಗಾಗ ಕಂಪನಿಯ ಮಾಲು ಹಿಡಿದು ಹೊರದೇಶದ ವ್ಯಾಪಾರ ಮೇಳಗಳಿಗೂ ಹೋಗಿ ಬರುತ್ತಿದ್ದಳು. ಬೆಳಗ್ಗೆ ಶ್ರವಣಬೆಳಗೊಳದ ಬೆಟ್ಟ, ಸಂಜೆಗೆ ಹೇಮಾವತಿ ಹೊಳೆಯ ಗೊರೂರು ಅಣೆಕಟ್ಟಿನ ಹಿನ್ನೀರು. ಹಿನ್ನೀರಿನ ಆಚೆ, ತೆಂಕಲ ದಡ ಅರಕಲಗೂಡು ತಾಲ್ಲೂಕು. ಅಲ್ಲಿ ತನ್ನ ಹೊಲದಂಚಿನಲ್ಲಿ ನಾಲ್ಕು ಟೆಂಟು ಹಾಕಿ, ತೆಪ್ಪ, ಕಯಾಕು ಇಟ್ಟುಕೊಂಡಿದ್ದವನು ಈ ರುದ್ರೇಶ. ಲಿಂಗಾಯತರ ಹುಡುಗ, ಮಾತು ಒರಟು... ಕಣ್ಣು ಮಾತ್ರ ಮೃದು.

ಅವತ್ತು ಅತಿಥಿಗಳಿಗೆ ಸೂರ್ಯಾಸ್ತ ನೋಡಬೇಕಿತ್ತು. ನೋಡಿ ದಡಕ್ಕೆ ಬರುವಷ್ಟರಲ್ಲಿ ಕತ್ತಲಾಯಿತು. ಎಲ್ಲರೂ ರೊಟ್ಟಿ ತಿನ್ನುತ್ತಿದ್ದರೆ ಇವಳು ಮಾತ್ರ ಸುಮ್ಮನೆ ಕೂತಿದ್ದಳು.

"ಯಾಕೆ ಮೇಡಂ, ಉಣ್ಣಕಿಲ್ವಾ?"

"ನಾವು ಹೊತ್ತು ಮುಳುಗಿದ ಮೇಲೆ ಊಟ ಮಾಡಲ್ಲ."

ಮುಂದಿನ ಸಲ ಅವಳು ಬಂದಾಗ ರುದ್ರೇಶ, ಸೂರ್ಯ ಇನ್ನೂ ಮೇಲಿರುವಾಗಲೇ ಒಂದು ಸ್ಟೀಲ್ ಡಬ್ಬಿ ತಂದು ಅವಳ ಮುಂದಿಟ್ಟ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.

"ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಅವ್ವನ್ ಕೈಲಿ ಬೇರೆ ಪಾತ್ರೆಲಿ ಮಾಡ್ಸೀವ್ನಿ. ಬೇಗ ಉಣ್ಣಿ, ಒತ್ತು ಮುಳುಗ್ತದೆ."

*ಇವನ್ಯಾರು ನನ್ನ ಹಸಿವಿನ ಬಗ್ಗೆ ಯೋಚನೆ ಮಾಡೋಕೆ?* ಎಂದುಕೊಂಡಳು. ಉತ್ತರ ಮಾತ್ರ ಅವಳಿಗೆ ಆಗಲೇ ಗೊತ್ತಿತ್ತು, ಕಳ್ಳಿ!

ಆಮೇಲೆ ಯಾವ ದೇಶದವರೇ ಬರಲಿ, ಮೂರನೇ ದಿನ ಹಿನ್ನೀರೇ. ಒಮ್ಮೆ ಜಪಾನಿನವರು ಬೇಲೂರು ನೋಡಬೇಕು ಅಂದಾಗ, "ಅಲ್ಲಿ ಇವತ್ತು ತುಂಬಾ ರಶ್ಶು," ಎಂದು ಅವರನ್ನೂ ಇಲ್ಲಿಗೇ ಎಳೆದು ತಂದಿದ್ದಳು.

ಒಂದು ಸಂಜೆ ಹುಟ್ಟು ಹಾಕುತ್ತಾ ರುದ್ರೇಶ ಕೇಳಿದ.

"ಮೇಳಕ್ಕೆ ಅಂತ ಹಾಲೆಂಡಿಗೆ ಓಗಿದ್ರಲ್ಲ ಮೇಡಂ, ಏನೇನ್ ನೋಡುದ್ರಿ?"

"ಏರ್‌ಪೋರ್ಟು, ಹೋಟೆಲು, ಮೇಳದ ಮಳಿಗೆ."

"ಅಷ್ಟೇಯಾ?! ಅಷ್ಟು ದೂರ ಓಗಿ ಒಂದು ಕೆರೆನೂ ನೋಡ್ಲಿಲ್ವಾ?"

"ಬಂದವರಿಗೆಲ್ಲ ನಮ್ಮೂರು ತೋರಿಸ್ತೀನಿ. ನಾನು ಮಾತ್ರ ಯಾವ ಊರನ್ನೂ ನೋಡಿಲ್ಲ ರುದ್ರೇಶ. ಒಬ್ಬಳೇ ನೋಡಿ ಏನ್ ಮಾಡ್ಲಿ?"

ಅವನು ಹುಟ್ಟು ನಿಲ್ಲಿಸಿದ. ತೆಪ್ಪ ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು.

"ಮುಂದಿನ್ ಸಲ ಓಗುವಾಗ ಎರಡು ದಿನ ಜಾಸ್ತಿ ಇಟ್ಕಳಿ."

"ಇಟ್ಕೊಂಡ್ರೆ?"

ಅವನು ನಕ್ಕ, ಅಷ್ಟೇ. ಬಾಯಿ ಬಿಟ್ಟು ಹೇಳಬಾರದಿತ್ತಾ ಮಹಾರಾಯ! ಆದರೆ ಅವನ ಲೆಕ್ಕಾಚಾರವೇ ಬೇರೆ. ಮೊದಲು ಪಾಸ್‌ಪೋರ್ಟ್ ಕೈಗೆ ಬರಲಿ, ಅದನ್ನು ಅವಳ ಮಡಿಲಿಗೆ ಹಾಕಿ 'ನಾನೂ ಬತ್ತೀನಿ' ಅನ್ನೋಣ ಎಂದುಕೊಂಡಿದ್ದ.

ಆ ಬೇಸಿಗೆಯಲ್ಲಿ ಹಾನ್ನಾ ಬಂದಳು. ಹಾಲೆಂಡಿನ ಗಿರಾಕಿ. ವ್ಯಾಪಾರ ಮುಗಿದರೂ ಊರಿಗೆ ಹೊರಡದೆ, ರುದ್ರೇಶನ ಟೆಂಟಿನಲ್ಲೇ ಉಳಿದು ದಿನಾ ಕಯಾಕು ನಡೆಸಿದಳು.

"ನೋಡಮ್ಮ ತೇಜಸ್ವಿನಿ," ಎಂದರು ಕಂಪನಿ ಮಾಲೀಕ ಅಮರನಾಥ, ಚಹಾ ಹೀರುತ್ತಾ. "ನಿಮ್ಮ ತೆಪ್ಪದ ರುದ್ರೇಶ ಹಾನ್ನಾ ಜೊತೆ ಹಾರಿಹೋಗ್ತಾನೆ ಅಂತ ಕಾಣುತ್ತೆ! ಪಾಸ್‌ಪೋರ್ಟ್ ಬೇರೆ ಮಾಡಿಸ್ತಿದ್ದಾನಂತೆ. ಯಾಕಯ್ಯಾ ಅಂದ್ರೆ ನಾಚ್ಕೊಂಡು ನಗ್ತಾನೆ."

ಅವಳು ಲೋಟ ಅಲ್ಲೇ ಇಟ್ಟಳು. ಹೊರಗೆ ಬಂದು ಫೋನ್ ಮಾಡಿದಳು.

"ಪಾಸ್‌ಪೋರ್ಟ್ ಮಾಡಿಸ್ತಿದೀರಂತೆ?"

"ಅಯ್ಯೋ... ಯಾರ್ ಏಳುದ್ರು?"

"ನಿಜಾನಾ?"

"ನಿಜಾನೇ. ಈಗ ಏನೂ ಕೇಳ್ಬ್ಯಾಡಿ ಮೇಡಂ, ಬಂದಾಗ ಏಳ್ತೀನಿ..."

ಅವನ ಹಿಂದೆ ಹಾನ್ನಾ ಗಟ್ಟಿಯಾಗಿ ನಗುವುದು ಕೇಳಿಸಿತು. ತೇಜಸ್ವಿನಿ ಫೋನ್ ಇಟ್ಟಳು. ಅವನ ನಂಬರನ್ನು ಬ್ಲಾಕ್ ಮಾಡಿದಳು. *ನಾನೆಂಥ ಪೆದ್ದಿ! ಒಂದು ಡಬ್ಬಿ ರೊಟ್ಟಿಗೆ ಮನಸ್ಸು ಕೊಟ್ಟುಬಿಟ್ಟೆನಲ್ಲ...*

ಮಳೆಗಾಲಕ್ಕೆ ಊರಿನ ಬಸದಿಗೆ ಮುನಿಗಳು ಚಾತುರ್ಮಾಸಕ್ಕೆ ಬಂದರು. ಆ ದಿನಗಳಲ್ಲಿ ಒಬ್ಬೊಬ್ಬರೂ ಅವರೆದುರು ಕೈಮುಗಿದು ಏನಾದರೊಂದು ನಿಯಮ ಹಿಡಿಯುತ್ತಾರೆ. ಒಬ್ಬರು ಉಪ್ಪು ಬಿಡುತ್ತಾರೆ, ಒಬ್ಬರು ಸಿಹಿ. ತೇಜಸ್ವಿನಿಯ ಸರದಿ ಬಂದಾಗ ತಾಯಿ ಜ್ವಾಲಾಮಾಲಿನಿ, "ಸೊಪ್ಪು ಬಿಡ್ತೀನಿ ಅನ್ನು," ಎಂದು ಪಿಸುಗುಟ್ಟಿದರು.

ಅವಳು ಸೊಪ್ಪು ಅನ್ನಲಿಲ್ಲ.

"ನಾನು ದಿಗ್ವ್ರತ ತಗೋತೀನಿ ಸ್ವಾಮಿ. ಜೀವ ಇರೋ ತನಕ."

ಬಸದಿಯಲ್ಲಿ ಗುಸುಗುಸು ಎದ್ದಿತು. ನಾಲ್ಕು ದಿಕ್ಕಿಗೂ ಗಡಿ ಹೇಳಿ, ಸಾಯುವ ತನಕ ಅದನ್ನು ದಾಟುವುದಿಲ್ಲ ಎನ್ನುವ ವ್ರತ ಅದು. ವಯಸ್ಸಾದವರು ಹಿಡಿಯುವಂಥದ್ದು.

"ಅವಸರ ಬೇಡ ತಾಯಿ," ಎಂದರು ಮುನಿಗಳು. "ಹಿಡಿದ ಮೇಲೆ ಬಿಡೋ ಹಾಗಿಲ್ಲ. ಯೋಚನೆ ಮಾಡು."

"ಮಾಡಿದೀನಿ. ಮೂಡಲಿಗೆ ಬೆಳ್ಳೂರು. ಬಡಗಲಿಗೆ ಅರಸೀಕೆರೆ. ಪಡುವಲಿಗೆ ಸಕಲೇಶಪುರ..." ಅವಳ ದನಿ ಒಡೆಯಿತು. "ತೆಂಕಲಿಗೆ ಹೇಮಾವತಿ ಹೊಳೆ."

ಅಯ್ಯೋ ಹುಚ್ಚು ಹುಡುಗಿ! ಯಾರ ಮೇಲಿನ ಸಿಟ್ಟಿಗೆ ಯಾರಿಗೆ ಬೇಲಿ ಹಾಕಿದೆ?

ಆ ಪ್ರಶ್ನೆ ಅವಳ ತಂದೆ ಬ್ರಹ್ಮಪ್ಪನಿಗೂ ಬಂದಿತ್ತು. ಊರೆಲ್ಲ ಮಗಳನ್ನು ಹೊಗಳುತ್ತಿದ್ದರೆ, ಅವರು ಜಗುಲಿಯಲ್ಲಿ ಕೂತು ಮೆಲ್ಲಗೆ ಕೇಳಿದರು.

"ಹೊಳೆ ಆಚೆ ಯಾರವ್ವಾ ಇದ್ದಾರೆ?"

"ಯಾರೂ ಇಲ್ಲಪ್ಪ," ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಂಪನಿಯಲ್ಲಿ ಅವಳ ಪಾಲಿಗೆ ಹಾಸನದ ಆಫೀಸಷ್ಟೇ ಉಳಿಯಿತು. ಮೇಳಕ್ಕೆ ಬೇರೆಯವರು ಹೋದರು. ಅತಿಥಿಗಳ ಜೊತೆ ಹಿನ್ನೀರಿಗೂ ಬೇರೆಯವರೇ ಹೋದರು. ಅಲ್ಲೊಬ್ಬನು ಹೊಸ ಪಾಸ್‌ಪೋರ್ಟನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಪ್ರತಿ ಗಾಡಿ ಬಂದಾಗಲೂ ಕತ್ತೆತ್ತಿ ನೋಡುತ್ತಿದ್ದ. ಡಬ್ಬಿಯ ರೊಟ್ಟಿ ಹಾಗೇ ತಣ್ಣಗಾಗುತ್ತಿತ್ತು. ಕೊನೆಗೆ ಅಮರನಾಥರೇ ಹೇಳಿದರು, "ಅವಳು ಹೊಳೆ ದಾಟಲ್ಲ ಅಂತ ವ್ರತ ಹಿಡಿದಿದಾಳಪ್ಪ." ರುದ್ರೇಶನಿಗೆ ಅರ್ಥವಾಗಿದ್ದು ಒಂದೇ. *ನನ್ನ ಮುಖ ನೋಡಬಾರದು ಅಂತಲೇ ಹಿಡಿದಿದಾಳೆ.*

ದೀಪಾವಳಿ ಕಳೆದ ಮೇಲೆ ಹಾನ್ನಾ ಮತ್ತೆ ಹಾಸನದ ಆಫೀಸಿಗೆ ಬಂದಳು. ಈ ಸಲ ಜೊತೆಯಲ್ಲಿ ಎತ್ತರದ ಗಡ್ಡದವನೊಬ್ಬ.

"ಇವನು ನನ್ನ ಗಂಡ," ಎಂದಳು ಇಂಗ್ಲಿಷಿನಲ್ಲಿ. "ತೇಜಸ್ವಿನಿ, ನೀನು ಮೇಳಕ್ಕೆ ಯಾಕೆ ಬರಲಿಲ್ಲ? ರುದ್ರೇಶ ನಿನ್ನ ಜೊತೆ ಬರಬೇಕು ಅಂತ ಪಾಸ್‌ಪೋರ್ಟ್ ಮಾಡಿಸಿದ್ದ! ನಿನಗೆ ಯಾವ ಯಾವ ಊರು ತೋರಿಸಬೇಕು ಅಂತ ದಿನಾ ನನ್ನ ತಲೆ ತಿನ್ನುತ್ತಿದ್ದ. ನಾನಂತೂ ನಕ್ಕು ನಕ್ಕು ಸುಸ್ತಾಗಿದ್ದೆ."

ತೇಜಸ್ವಿನಿ ಹಾನ್ನಾಳ ತೋಳು ಹಿಡಿದುಕೊಂಡಳು.

"ಈಗ... ಈಗ ಅವರು ಎಲ್ಲಿದಾರೆ?"

"ನಾಳೆ ನಮ್ಮ ಜೊತೆಗೇ ಹೊರಡ್ತಾನೆ. ನನ್ನ ಗಂಡನ ಸರೋವರದ ರೆಸಾರ್ಟಿನಲ್ಲಿ ಎರಡು ವರ್ಷದ ಕೆಲಸ. ದೋಣಿ, ಟೆಂಟು ಎಲ್ಲ ಮಾರಿಬಿಟ್ಟನಂತೆ. ಯಾಕೆ, ನಿನಗೆ ಗೊತ್ತಿರಲಿಲ್ಲವಾ?"

ಅವಳು ನೇರ ಊರಿಗೆ ಹೋಗಿ ಅಪ್ಪನ ಮುಂದೆ ಕೂತಳು. ಎಲ್ಲ ಹೇಳಿದಳು.

"ಅವನು ಈ ದಡಕ್ಕೇ ಬಂದರೆ ಒಪ್ತೀರಾ ಅಪ್ಪ?"

"ನಾನಿರೋ ತನಕ ಆಗಲ್ಲ ಮಗಳೇ. ಬೇರೆ ಜನ ಅವರು. ನೀನು ವ್ರತ ಮುರಿಯಲ್ಲ, ನಾನು ಇದಕ್ಕೆ ಒಪ್ಪಲ್ಲ." ಅವರ ಕಣ್ಣೂ ತುಂಬಿತ್ತು. "ಹೋಗಿ ಒಂದು ಮಾತಾಡಿ ಬಾ. ಅದಕ್ಕೆ ಬೇಡ ಅನ್ನಲ್ಲ."

ಅವಳು ಅವನ ನಂಬರನ್ನು ಬ್ಲಾಕಿನಿಂದ ತೆಗೆದು ಫೋನ್ ಮಾಡಿದಳು. ಒಂದೇ ಮಾತು. "ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಬರ್ತೀರಾ?"

ಈಚೆ ದಡದಲ್ಲಿ ಹಳೇ ಚರ್ಚಿನ ಗೋಡೆಗಳು ಅರ್ಧ ನೀರಲ್ಲಿ ನಿಂತಿದ್ದವು. ಆಚೆ ದಡದಿಂದ ತೆಪ್ಪವೊಂದು ಬಂತು. ಮಾರದೆ ಉಳಿಸಿಕೊಂಡಿದ್ದ ಒಂದೇ ಒಂದು ತೆಪ್ಪ. ರುದ್ರೇಶ ಸೊರಗಿಹೋಗಿದ್ದ.

"ನಡುನೀರಿನ ತನಕ ನಾನು ಬರಬಹುದು," ಎಂದಳು ಅವಳು. "ಆ ದಡ ಮುಟ್ಟೋ ಹಾಗಿಲ್ಲ."

ಕೇಳುವ ಮೊದಲೇ ಜಾಕೀಟು ಹಾಕಿಕೊಂಡಳು.

ನಡುನೀರಿನಲ್ಲಿ ಅವನು ಹುಟ್ಟು ನಿಲ್ಲಿಸಿದ. ಅವಳು ಅತ್ತಳು. ಅಮರನಾಥರ ಮಾತು, ಫೋನಿನಲ್ಲಿ ಕೇಳಿದ ನಗು, ತನ್ನ ಸಿಟ್ಟು, ವ್ರತ, ಎಲ್ಲವನ್ನೂ ಅಳುತ್ತಲೇ ಹೇಳಿದಳು.

"ಒಂದ್ ಮಾತು ಕೇಳ್ಬಾರದಿತ್ತಾ ಮೇಡಂ..."

"ಒಂದು ಮಾತು ಹೇಳಬಾರದಿತ್ತಾ ನೀವು?!"

ಆಮೇಲೆ ಅವನೇ ಹೇಳಿದ, ನೀರು ನೋಡುತ್ತಾ.

"ಈಗ ಏಳ್ತೀನಿ. ನನ್ಗೆ ನೀವಂದ್ರೆ ಜೀವ. ಅವತ್ತು ಸೀರೆ ಉಟ್ಕಂಡು ಜಗಳ ಆಡುದ್ರಲ್ಲ, ಅವತ್ನಿಂದ."

"ನನಗೂ," ಎಂದಳು ತೇಜಸ್ವಿನಿ. "ಆ ರೊಟ್ಟಿ ಡಬ್ಬಿ ತಂದ್ರಲ್ಲ, ಅವತ್ತಿನಿಂದ."

"ಬ್ಯಾಡ ಅನ್ನಿ, ಓಗಕಿಲ್ಲ. ಈ ದಡಕ್ಕೇ ಬಂದ್ಬುಡ್ತೀನಿ."

"ಅಪ್ಪನ್ನ ಕೇಳಿದೆ ರುದ್ರೇಶ. ಅವರಿರೋ ತನಕ ಆಗಲ್ಲವಂತೆ. ಅವರನ್ನ ಅಳಿಸಿ ಬರೋಕೆ ನನ್ನ ಕೈಲಾಗಲ್ಲ."

"ವ್ರತ...?"

"ಸಿಟ್ಟಿನಲ್ಲಿ ಹಿಡಿದೆ, ನಿಜ. ಆದ್ರೆ ಕೈಮುಗಿದು ಹಿಡಿದೆ. ಮುರಿದು ಬಂದ್ರೆ ನಿಮ್ಮ ಮನೇಲೂ ನನಗೆ ನೆಮ್ಮದಿ ಇರಲ್ಲ."

"ಮುರೀರಿ ಅಂತ ನಾನ್ ಯಾವತ್ತೂ ಅನ್ನಕಿಲ್ಲ," ಎಂದ ಅವನು.

ಅವಳಿಗಾಗಿ ಪಾಸ್‌ಪೋರ್ಟ್ ಮಾಡಿಸಿದವನು ಅವಳಿಲ್ಲದೆ ಸಮುದ್ರ ದಾಟಲಿದ್ದ. ದೇಶ ದೇಶ ಹಾರುತ್ತಿದ್ದವಳಿಗೆ ಇನ್ನು ಈ ಹೊಳೆ ದಾಟುವಂತಿಲ್ಲ. ಯಾರನ್ನು ಬೈಯಲಿ ಹೇಳಿ? ನನಗಂತೂ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಇಬ್ಬರ ಮೇಲೂ ಮರುಕ ಬರುತ್ತದೆ.

"ಹೋಗಿ," ಎಂದಳು ಅವಳು, ಕಣ್ಣೊರೆಸಿಕೊಂಡು. "ನಾನು ನೋಡದ ಊರನ್ನೆಲ್ಲ ನೋಡಿ. ಕೆರೆ, ಕಾಲುವೆ, ಹೂವಿನ ಹೊಲ... ನೋಡಿ ನನಗೆ ಫೋನಿನಲ್ಲಿ ಹೇಳಿ. ಒಂದೂ ಬಿಡಬಾರದು."

ಅವನು ಕಾಲಬಳಿಯ ಬಟ್ಟೆಗಂಟು ಬಿಚ್ಚಿದ. ಅದೇ ಸ್ಟೀಲ್ ಡಬ್ಬಿ.

"ಉಣ್ಣಿ. ಒತ್ತು ಮುಳುಗ್ತಾ ಅದೆ."

ಅವಳು ರೊಟ್ಟಿ ಮುರಿದು ಮೊದಲ ತುತ್ತನ್ನು ಅವನ ಬಾಯಿಗಿಟ್ಟಳು. ಆಮೇಲೆ ತಾನು ತಿಂದಳು. ಕಣ್ಣೀರಿಗೆ ಚಟ್ನಿ ಉಪ್ಪಾಗಿತ್ತು. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಡಬ್ಬಿ ಖಾಲಿಯಾಯಿತು. ಅವನು ತೆಪ್ಪವನ್ನು ಅವಳ ದಡದ ಕಡೆಗೇ ತಿರುಗಿಸಿದ.

ಇಳಿಯುವಾಗ ಅವಳ ಕೈ ಹಿಡಿದುಕೊಂಡ. ಮೊದಲ ಸಲ.

"ಎರಡು ವರ್ಸ, ತೇಜಸ್ವಿನಿ..." ಮೇಡಂ ಅನ್ನದೆ ಕರೆದದ್ದೂ ಅದೇ ಮೊದಲು. "ಕಾಯ್ತೀಯಾ?"

ಅವಳು ಅಳುತ್ತಲೇ ನಕ್ಕಳು.

"ನಾನೆಲ್ಲಿಗೆ ಹೋಗ್ಲಿ ರುದ್ರೇಶ?"