ನಾಲ್ಕನೇ ಹಾಸಿಗೆಯ ಬೆಲ್ಲು

ಇಪ್ಪತ್ತು ವರ್ಷದಿಂದ ಐಸಿಯು ನರ್ಸ್ ನಾನು. ದೆವ್ವ ಅಂದವರನ್ನು ಬೈದು ಕಳಿಸುವವಳು. ಇದು ನಡೆದದ್ದು ಹಾಡಹಗಲು.

ನಾಲ್ಕನೇ ಹಾಸಿಗೆಯ ಅಜ್ಜನಿಗೆ ಹತ್ತೊಂಬತ್ತು ದಿನದಿಂದ ಪ್ರಜ್ಞೆ ಇರಲಿಲ್ಲ. ಉಸಿರಾಟದ ಯಂತ್ರ ನಿಲ್ಲಿಸಲು ಮಗಳು ಸಹಿ ಹಾಕಿದ್ದಳು. ಅಂಥ ಹೊತ್ತಿನಲ್ಲಿ ಮನೆಯವರು ಬೆಚ್ಚಬಾರದೆಂದು ಅಲಾರಂಗಳ ಬಾಯಿ ಮುಚ್ಚಿಸುವುದು ನಮ್ಮ ರೂಢಿ. ಕೈ ಓಡಿದ ಭರದಲ್ಲಿ ರೋಗಿಗಳು ನಮ್ಮನ್ನು ಕರೆಯುವ ಬೆಲ್ಲಿನ ಶಬ್ದವನ್ನೂ ನಿಲ್ಲಿಸಿಬಿಟ್ಟೆ. ಆಮೇಲೆ ಬಗ್ಗಿ, ದಿನದ ಅಭ್ಯಾಸದಂತೆ ಅಂದೆ: "ಅಜ್ಜಾ, ಏನಾದ್ರೂ ಬೇಕಾದ್ರೆ ಬೆಲ್ ಒತ್ತಿ."

"ಅಪ್ಪಂಗೆ ಕೇಳ್ಸತ್ತಾ ಸಿಸ್ಟರ್?" ಎಂದಳು ಮಗಳು.

"ಇಲ್ಲಮ್ಮ" ಎಂದು ಯಂತ್ರ ನಿಲ್ಲಿಸಿದೆ.

ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬೆಲ್ಲಿನ ವೈರು ಗೋಡೆಯ ಕೊಕ್ಕೆಯಲ್ಲಿತ್ತು, ಅವರ ಕೈಗೆ ಎಟುಕದಷ್ಟು ದೂರ. ಎರಡನ್ನೂ ಮುಟ್ಟಿ ನೋಡಿದೆ. ಅಜ್ಜನ ಕೈ ತಣ್ಣಗಾಗುತ್ತಿತ್ತು. ಬೆಲ್ಲಿನ ಗುಂಡಿ ಬೆಚ್ಚಗಿತ್ತು.

ಹೊರಗೆ ಬಂದರೆ ನಮ್ಮ ಮೇಜಿನ ಬೆಲ್ ಬೋರ್ಡಿನಲ್ಲಿ ನಾಲ್ಕನೇ ಹಾಸಿಗೆಯ ದೀಪ ಸದ್ದಿಲ್ಲದೆ ಉರಿಯುತ್ತಿತ್ತು.

"ಇದು ಯಾವಾಗಿಂದ?" ಎಂದೆ.

ಗಾಜಿನಾಚೆಯಿಂದ ನೋಡುತ್ತ ಕೂತಿದ್ದ ಜೊತೆಯ ನರ್ಸ್ ಹೇಳಿದಳು: "ನೀವು ಬಗ್ಗಿ ಏನೋ ಹೇಳಿದ್ರಲ್ಲ ಅಕ್ಕ, ಆಗ್ಲೇ ಹತ್ತಿದ್ದು. ಯಂತ್ರ ಇನ್ನೂ ಓಡ್ತಿತ್ತು. ನೀವು ಪಕ್ಕದಲ್ಲೇ ಇದ್ದೀರಲ್ಲ ಅಂತ ಸುಮ್ನಾದೆ."