ಜೊಂಡಿನ ಮಡುವಿನ ಕೊರಮೀನು

1968ರ ಜೂನ್ 18, ಬೆಳಿಗ್ಗೆ ಎಂಟು ಗಂಟೆ. ಸತ್ತೇಗಾಲದ ಮೀನುಗಾರ ಮಾರಯ್ಯ ಕೊಳ್ಳೇಗಾಲದ ಠಾಣೆಯ ಮೆಟ್ಟಿಲ ಮೇಲೆ ಒಂದು ಬುಟ್ಟಿ ಸತ್ತ ಮೀನು ಸುರಿದ. ಸಬ್‌ಇನ್ಸ್‌ಪೆಕ್ಟರ್ ಶಿವರುದ್ರಸ್ವಾಮಿ ಹುಟ್ಟಾ ಮೀನು ಮುಟ್ಟದವರು. ಬೆಳಗಾಗೆದ್ದು ಎಂಥ ದರ್ಶನವಪ್ಪಾ ಎಂದು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಹೊರಬಂದರು.

"ಏನಯ್ಯಾ ಇದು ಅವಾಂತರ?"

"ಮಡೂಗೆ ಯಾರೋ ಇಸದೆಣ್ಣೆ ಉಯ್ದವ್ರೆ ಸಾ. ಕೊಕ್ಕರೆನೂ ಬಿದ್ದು ಒದ್ದಾಡ್ತಾವೆ. ಕೆಂಪು ಮರಿ ಕಟ್ಕಂಡು ಒಂದು ತಾಯಿ ಕೊರಮೀನಿತ್ತು. ಮರಿ ಕಟ್ಕಂಡಿರೋ ತಾಯ್ನ ನಾವ್ಯಾರೂ ಮುಟ್ಟಲ್ಲ. ಅದೂ ಓಯ್ತೇನೋ!"

ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೆಬಲ್ ಮಾದಸ್ವಾಮಿಯ ಜೊತೆ ಜೀಪು ಹತ್ತಿದರು. ಕಾವೇರಿ ಪಕ್ಕದ ಆ ಜೊಂಡಿನ ಮಡುವೇ ಮಾರಯ್ಯನ ಅನ್ನ. ಅಲ್ಲಿ ಮೀನು ಹಿಡಿಯುತ್ತಿದ್ದ. ಹಕ್ಕಿ ನೋಡಲು ಮೈಸೂರಿನಿಂದ ಬಂದವರನ್ನು ಹರಿಗೋಲಿನಲ್ಲಿ ಕೂರಿಸಿ ಸುತ್ತಿಸುತ್ತಿದ್ದ. ಅದನ್ನು ಬತ್ತಿಸಿ ಕಬ್ಬು ಹಾಕಬೇಕೆಂದು ಜಮೀನ್ದಾರ ಪುಟ್ಟಮಲ್ಲಪ್ಪ ಅರ್ಜಿ ಮೇಲೆ ಅರ್ಜಿ ಗುಜರಾಯಿಸುತ್ತಿದ್ದ. ಮೀನೇ ಸತ್ತ ಮೇಲೆ ಇನ್ನು ಯಾರು ಅಡ್ಡ ಬಂದಾರು? ಅನುಮಾನ ನೆಟ್ಟಗೆ ಅವನ ಮೇಲೇ ಹೋಯಿತು.

ಪಂಚನಾಮೆಗೆಂದು ತೇಲಿದ್ದನ್ನೆಲ್ಲ ದಡಕ್ಕೆ ಎಳೆಸಿದರು. ಗೆಂಡೆ, ಹಾವುಮೀನು, ಏಡಿ ಎಲ್ಲ ಬಂದವು. ಆ ತಾಯಿ ಕೊರಮೀನು ಮಾತ್ರ ಇಲ್ಲ, ಅದರ ಒಂದು ಮರಿಯೂ ಇಲ್ಲ. ಜೊಂಡಿನೊಳಗೆ ಬೆಳೆಗೆ ಹೊಡೆಯುವ ಎಂಡ್ರಿನ್ ವಿಷದ ಖಾಲಿ ಡಬ್ಬ ಸಿಕ್ಕಿತು.

"ಡಬ್ಬ ನಂದೇ," ಎಂದ ದಡಕ್ಕೆ ಕರೆಸಿದ್ದ ಪುಟ್ಟಮಲ್ಲಪ್ಪ, ಅಳುಕದೆ. "ಕಬ್ಬಿಗೆ ಒಡೆಯಕೆ ತಂದಿದ್ದೆ. ಒಡ್ದೋನು ಮಾರಯ್ಯನ ತಮ್ಮ ಶಿವನಂಜ. ಮಿಕ್ಕಿದ್ದು ಅವ್ನತ್ರನೇ ಇತ್ತು."

"ನನ್ ತಮ್ಮನಾ? ನಿನ್ ಬಾಯ್ಗೆ ಉಳ ಬೀಳ!" ಮಾರಯ್ಯ ಮೈಮೇಲೆ ಹೋದ. "ನಾನು ಎತ್ತಾಡ್ಸಿ ಸಾಕಿದ ಕೂಸು ಕಣ್ರಿ ಅದು!"

ಮಾರಯ್ಯನನ್ನೂ ಕರೆದುಕೊಂಡು ಹೋದಾಗ ಶಿವನಂಜಯ್ಯ ತನ್ನ ಹಿತ್ತಲಲ್ಲಿ ಬಲೆ ಹೊಲಿಯುತ್ತಿದ್ದ. ಪಕ್ಕದ ಕಲ್ಲುಬಾನಿಗೆ ಒದ್ದೆ ಗೋಣಿ ಹೊದಿಸಿತ್ತು. ಶಿವರುದ್ರಸ್ವಾಮಿ ಗೋಣಿ ಸರಿಸಿದರು. ಒಳಗೆ ತೋಳುದ್ದದ ಕೊರಮೀನು, ಸುತ್ತ ಕುಂಕುಮ ಚೆಲ್ಲಿದಂತೆ ಕೆಂಪು ಮರಿಗಳು.

"ಎಲ್ಲಿ ಹಿಡಿದೆ?"

"ಒಳೇಲಿ ಸಾ."

"ಮರಿ ಇರೋ ತಾಯಿಯನ್ನ ನೀವ್ಯಾರೂ ಮುಟ್ಟಲ್ಲವಂತೆ?"

ಅವನು ಮತ್ತೆ ಬಲೆಗೆ ಸೂಜಿ ಹಾಕಿದ.

"ವಿಷ ಬೀಳುತ್ತೆ ಅಂತ ಮೊದಲೇ ಗೊತ್ತಿದ್ದವನು ತಾನೇ ಇದನ್ನ ಎತ್ತಿಡೋದು?"

ಅವನು ಸೂಜಿ ಕೆಳಗಿಟ್ಟ. "ತಿನ್ನಕಲ್ಲ ಸಾ. ಅದು ಸಾಯೋದ ನೋಡಕಾಯ್ತಿರ್ನಿಲ್ಲ. ಒಳೇಗೆ ಬಿಡವ ಅಂತಿದ್ದೆ."

ಮಧ್ಯಾಹ್ನ ಮೂರಕ್ಕೆ ದಸ್ತಗಿರಿ ಆಯಿತು. ಯಾಕೆ ಮಾಡಿದೆ ಎಂದರೆ ಅಣ್ಣನ ಕಡೆ ತಿರುಗದೆ ಹೇಳಿದ: "ಚಿಕ್ ಉಡುಗನಿಂದ ಅರಿಗೋಲ್ಗೆ ಉಟ್ಟು ಆಕ್ದೋನು ನಾನು. ಅದು ನಿಂಗೇ ಕಣ್ಲಾ ಅಂತಿದ್ದ ಅಣ್ಣ. ಓದ್ ತಿಂಗ್ಳು ಬಂದ ಅಳಿಯನ ಕೈಗೆ ಕೊಟ್ಬುಟ್ಟ. ನಾನು ಕಂಡೋರ ಕಬ್ಬಿಗೆ ಎಣ್ಣೆ ಒಡ್ಕಂಡಿರ್ಬೇಕಾ? ನಂಗಿಲ್ದ ಮಡು ಯಾರ್ಗೂ ಬ್ಯಾಡ ಅನ್ನುಸ್ತು."

ಅಳಿಯನಿಗೆ ಕೊಟ್ಟದ್ದು ನಿಜವೆಂದು ಮಾರಯ್ಯನೂ ಒಪ್ಪಿಕೊಂಡ. ಆಮೇಲೆ ಬಾನಿಯ ಮುಂದೆ ಕುಸಿದು ಕೂತ.

"ಆ ಮೀನ ಕಂಡ್ರೆ ಅಯ್ಯೋ ಅನ್ನುಸ್ತಲ್ಲೋ ನಿಂಗೆ," ಎಂದ ಮಾರಯ್ಯ. "ನಾನೂ ಮರಿ ಕಟ್ಕಂಡೇ ಅಲ್ವೇನ್ಲಾ ಆ ನೀರಲ್ಲಿ ಬದುಕಿದ್ದು? ನಿನ್ನೂ ಸೇರ್ಸಿ."

ಶಿವನಂಜಯ್ಯ ಆಗ ಮೊದಲ ಸಲ ಅಣ್ಣನ ಮುಖ ನೋಡಿದ. ಮಾದಸ್ವಾಮಿ ಅವನನ್ನು ಜೀಪಿಗೆ ಹತ್ತಿಸಿದ.