ಬೂದು ಅಂಗಿಯ ರಾಜಕುಮಾರ

ಬಹಳ ಬಹಳ ಹಿಂದೆ, ಹಡಗುಗಳು ನಕ್ಷತ್ರ ನೋಡಿ ದಾರಿ ಹಿಡಿಯುತ್ತಿದ್ದ ಕಾಲದಲ್ಲಿ, ತೆಂಕಣ ಕಡಲ ದಂಡೆಯಲ್ಲಿ ಮುತ್ತಿನಹಳ್ಳ ಎಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರನ ಹೆಸರು ಹೊನ್ನರಸ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ನೋಡದ ಊರು ನೋಡಬೇಕು, ಅಷ್ಟೆ.

ಒಂದು ದಿನ ಒಬ್ಬ ವರ್ತಕ ಹೇಳಿದ: "ಬಡಗಣ ತುದಿಯಲ್ಲಿ ನಾರ್ವೆ ಎಂಬ ದೇಶವಿದೆ, ಒಡೆಯ. ಅದರ ಕರಾವಳಿಯಲ್ಲಿ ಹೆಲ್ವಿಕ್ ಸೀಮೆ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ."

"ಮುಳುಗದೆ ಎಲ್ಲಿಗೆ ಹೋಗುತ್ತಾನೆ?"

"ಎಲ್ಲಿಗೂ ಇಲ್ಲ. ಕಡಲಂಚಿಗೆ ಇಳಿದು, ಅದರ ಮೇಲೆ ನಾಲ್ಕು ಹೆಜ್ಜೆ ನಡೆದು, ಮತ್ತೆ ಮೇಲೇರುತ್ತಾನೆ."

ಹೊನ್ನರಸ ಹಡಗು ಹತ್ತಿದ. ಒಂದು ವರ್ಷ ಪ್ರಯಾಣ ಮಾಡಿದ. ಹೆಲ್ವಿಕ್ ಸೀಮೆ ತಲುಪಿದಾಗ ಬೇಸಿಗೆಯ ಆರಂಭ.

ವರ್ತಕ ಹೇಳಿದ್ದು ನಿಜ, ಆದರೆ ಕಡಿಮೆ. ಕಡಲು ಬೆಟ್ಟಗಳ ನಡುವೆ ತೋಳಿನಂತೆ ನುಗ್ಗಿತ್ತು. ಮನೆಗಳ ಮಾಡಿನ ಮೇಲೆ ಹುಲ್ಲು ಬೆಳೆದಿತ್ತು, ಹುಲ್ಲು ಮೇಯಲು ಕುರಿ ಮಾಡು ಹತ್ತಿತ್ತು. ಮರದ ಚೌಕಟ್ಟುಗಳಲ್ಲಿ ಸಾವಿರಾರು ಮೀನು ಗಾಳಿಗೆ ಒಣಗುತ್ತಿದ್ದವು. ಜನ ಚಳಿಗಾಲವಿಡೀ ಕಾದಿದ್ದವರಂತೆ ಮನೆಯಿಂದ ಹೊರಗೇ ಇದ್ದರು. ಹೊರಗೇ ಉಣ್ಣುತ್ತಿದ್ದರು, ಹೊರಗೇ ದೋಣಿ ರಿಪೇರಿ ಮಾಡುತ್ತಿದ್ದರು. ಯಾರೂ ಅವನನ್ನು "ನೀನು ಯಾರು?" ಎಂದು ಕೇಳಲಿಲ್ಲ. "ಊಟ ಆಯಿತಾ?" ಎಂದು ಕೇಳಿದರು.

ಟೋರ್ಲೈವ್ ಎಂಬ ದೋಣಿಯವನು ಹೇಳಿದ: "ದೊರೆಮಗ, ನಮ್ಮ ಸೀಮೆ ನೋಡಬೇಕೆಂದರೆ ರಾಗ್ನಿಲ್ಡ್ ಅಜ್ಜಿಯ ದ್ವೀಪ ನೋಡಬೇಕು. ಆದರೆ ಅಲ್ಲಿ ಮೆಲ್ಲಗೆ ಮಾತಾಡಬೇಕು. ಓಡಬಾರದು. ಹೊಗೆ ಎಬ್ಬಿಸಬಾರದು."

"ಯಾಕೆ?"

"ಬಾಣಂತಿಯರಿದ್ದಾರೆ. ಮುನ್ನೂರು ಜನ."

ಬಾಣಂತಿಯರು ಎಂದರೆ ಈಡರ್ ಬಾತುಗಳು. ಪ್ರತಿ ಬೇಸಿಗೆ ಅವು ಕಡಲಿನಿಂದ ಬಂದು ಆ ದ್ವೀಪದಲ್ಲಿ ಮೊಟ್ಟೆ ಇಡುತ್ತಿದ್ದವು. ಅವುಗಳಿಗೆ ದ್ವೀಪದವರು ಚಪ್ಪಟೆ ಕಲ್ಲು, ತೇಲಿಬಂದ ಮರ ಸೇರಿಸಿ ಪುಟ್ಟ ಮನೆ ಕಟ್ಟಿ, ಒಳಗೆ ಒಣಗಿದ ಕಡಲಪಾಚಿ ಹಾಸಿ ಕೊಡುತ್ತಿದ್ದರು. ಹದ್ದು ಬಂದರೆ ಓಡಿಸುತ್ತಿದ್ದರು. ಬಾತುಗಳು ತಮ್ಮ ಎದೆಯ ತುಪ್ಪುಳ ಕಿತ್ತು ಗೂಡಿಗೆ ಹಾಕುತ್ತಿದ್ದವು. ಮರಿಗಳು ಕಡಲಿಗೆ ಹೋದ ಮೇಲೆ ಆ ತುಪ್ಪುಳ ದ್ವೀಪದವರಿಗೆ. ಅದನ್ನು ತುಂಬಿ ಹೊಲಿದ ಹೊದಿಕೆಯಿಂದಲೇ ಆ ಸೀಮೆಯ ಕೂಸುಗಳು ಚಳಿಗಾಲ ದಾಟುತ್ತಿದ್ದವು. ತುಪ್ಪುಳವಿಲ್ಲದ ವರ್ಷ ತೊಟ್ಟಿಲು ಖಾಲಿಯಾಗುತ್ತಿತ್ತು.

ರಾಗ್ನಿಲ್ಡ್ ಅಜ್ಜಿ ಕುಳ್ಳಿ, ಬೂದು ಬಟ್ಟೆಯವಳು. ಹೊನ್ನರಸ ಮೂರು ದಿನ ಅವಳ ಹಿಂದೆ ನಡೆದ. ಬಾತುಗಳು ಮೊದಲು ಕತ್ತೆತ್ತಿ ನೋಡಿದವು, ಆಮೇಲೆ ಕಣ್ಣು ಮುಚ್ಚಿದವು. ಒಂದು ಕುಂಟು ಬಾತು ಮಾತ್ರ ಅವನ ಹೆಜ್ಜೆ ಕೇಳಿದಾಗಲೆಲ್ಲ ಕೊಕ್ಕು ತೆರೆದು ಬುಸುಗುಡುತ್ತಿತ್ತು.

ನಾಲ್ಕನೇ ದಿನ ಅಜ್ಜಿ ಹೇಳಿದಳು: "ನಾಳೆ ನಮ್ಮಲ್ಲಿ ನಿನಗೆ ಹಬ್ಬದೂಟ, ಮಗ."

ಹೊನ್ನರಸನ ನಾಡಿನಲ್ಲಿ ಹಿರಿಯರ ಮನೆಯ ಹಬ್ಬದೂಟಕ್ಕೆ ಉಟ್ಟ ಬಟ್ಟೆಯಲ್ಲಿ ಹೋಗುವವರು ಯಾರೂ ಇಲ್ಲ. ಅವನು ಕೊರೆಯುವ ನೀರಿನಲ್ಲಿ ಮಿಂದ. ಪೆಟ್ಟಿಗೆ ತೆಗೆದ. ಕೆಂಪು ರೇಷ್ಮೆಯ ಮಡಿ ಉಟ್ಟ, ಜರಿಯ ಶಲ್ಯ ಹೊದ್ದ. ಕೈಮುಗಿದುಕೊಂಡೇ ಗೂಡುಗಳ ನಡುವಿನ ದಾರಿಯಲ್ಲಿ ನಡೆದ.

ಮುನ್ನೂರು ಬಾತುಗಳು ಒಮ್ಮೆಗೇ ಮೇಲೆದ್ದವು.

ಆ ದ್ವೀಪದವರು ಮೊಟ್ಟೆಯ ಕಾಲದಲ್ಲಿ ಬಟ್ಟೆ ಬದಲಿಸುವುದಿಲ್ಲ. ಮೊದಲ ದಿನ ತೊಟ್ಟದ್ದು ಕೊನೆಯ ದಿನದವರೆಗೆ. ಬಾತುಗಳಿಗೆ ಬಟ್ಟೆಯೇ ಗುರುತು. ಇದನ್ನು ಹೇಳಲು ಟೋರ್ಲೈವನಿಗೆ ಹೊಳೆಯಲೇ ಇಲ್ಲ. ಅವನಲ್ಲಿ ಎರಡನೇ ಅಂಗಿಯೇ ಇರಲಿಲ್ಲ.

ಆ ಕಡಲಿನಲ್ಲಿ ಗ್ರಿಮ್ ಎಂಬ ಮಾಂತ್ರಿಕನಿದ್ದ. ಗೂಡಿನಲ್ಲಿ ಕೂತ ಬಾತು ಅವನ ಕೈಗೆ ಸಿಗುತ್ತಿರಲಿಲ್ಲ. ಎಲ್ಲವೂ ಒಮ್ಮೆಗೇ ಗೂಡು ಬಿಟ್ಟು ಏಳಲಿ ಎಂದು ನೂರು ವರ್ಷದಿಂದ ಕಾಯುತ್ತಿದ್ದ. ಈಗ ಆಕಾಶದಲ್ಲಿ ಕಪ್ಪು ಬಲೆ ಬಿಚ್ಚಿಕೊಂಡಿತು. ಬಾತುಗಳೆಲ್ಲ ಅದರಲ್ಲಿ ಬಿದ್ದವು. ಬಲೆ ಪಡುವಲಿಗೆ ಹಾರಿಹೋಯಿತು.

ಹೊನ್ನರಸ ದಾರಿಯಲ್ಲೇ ಕುಸಿದು ಕೂತ. ಅಜ್ಜಿ ಬಂದಳು. ಬೈಯುತ್ತಾಳೆ ಎಂದುಕೊಂಡ. ಅವಳು ಮೀನಿನ ಸಾರಿನ ಬಟ್ಟಲು ಅವನ ಕೈಗಿಟ್ಟಳು.

"ಕುಡಿ. ಆಮೇಲೆ ಅಳು."

"ಅಜ್ಜಿ, ನಿಮ್ಮ ಮನೆ ಹಾಳುಮಾಡಿದೆ."

"ನಮ್ಮನ್ನು ಗೌರವಿಸೋಕೆ ಹೊರಟೆ. ನಾವು ಹೇಳಿಕೊಡಲಿಲ್ಲ. ತಪ್ಪು ಹಂಚಿಕೊಳ್ಳೋಣ, ಸಾರೂ ಹಂಚಿಕೊಳ್ಳೋಣ. ಮೂರು ದಿನ ಮೊಟ್ಟೆ ನಾವು ನೋಡಿಕೊಳ್ಳುತ್ತೇವೆ. ಅದರ ಮೇಲೆ ಆಗುವುದಿಲ್ಲ. ಗ್ರಿಮ್‌ನ ಸುಳಿ ಈ ದಂಡೆಯಲ್ಲಿ ಹುಟ್ಟಿದವರನ್ನು ದಾಟಲು ಬಿಡುವುದಿಲ್ಲ. ನೀನು ಬೇರೆ ದಂಡೆಯವನು."

"ಹೋಗುತ್ತೇನೆ."

ಅಜ್ಜಿ ಒಳಗಿನಿಂದ ಒಂದು ಬೂದು ಉಣ್ಣೆಯ ಅಂಗಿ ತಂದಳು. ಮೀನೆಣ್ಣೆಯ ನಾತ ಅದಕ್ಕಿಂತ ಮೊದಲೇ ಬಂತು.

"ನನ್ನ ಗಂಡನದು. ಇಪ್ಪತ್ತು ಬೇಸಿಗೆ ಬಾತುಗಳು ಇದನ್ನು ನೋಡಿವೆ. ಅವು ಗೂಡಿಗೆ ಮರಳುವವರೆಗೆ ಬಿಚ್ಚಬೇಡ."

ಟೋರ್ಲೈವ್ ಮೂಗು ಹಿಡಿದುಕೊಂಡು ದೋಣಿ ಕೊಟ್ಟ. "ಈ ನಾತಕ್ಕೇ ಗ್ರಿಮ್ ಸಾಯಬಹುದು," ಎಂದ. ಅವನ ಕಣ್ಣು ಮಾತ್ರ ಒದ್ದೆಯಾಗಿತ್ತು.

ಮೊದಲ ದಿನ ಹೊನ್ನರಸ ಸುಳಿಯ ಬಾಯಿಗೆ ಬಂದ. ಎರಡು ಬೆಟ್ಟಗಳ ನಡುವೆ ಕಡಲು ಬುಗುರಿಯಂತೆ ತಿರುಗುತ್ತಿತ್ತು. ನಡುವೆ ಹಾವೊಂದು ಬಾಲ ಕಚ್ಚಿಕೊಂಡು ಸುತ್ತುತ್ತಿತ್ತು. ಅದರ ಮೈ ಏಳು ಹಡಗಿನುದ್ದ.

ಅವನು ದೋಣಿ ನೂಕಲಿಲ್ಲ. ಬಂಡೆಯ ಮೇಲೆ ಕೂತು ನೋಡಿದ. ನೀರು ಒಳಗೆ ಹರಿಯಿತು. ಅವನು ಕಲ್ಲಿನ ಮೇಲೆ ಗೀರು ಹಾಕುತ್ತಾ ಎಣಿಸಿದ. ನೀರು ನಿಂತಿತು. ಹಾವು ಕಣ್ಣು ಮುಚ್ಚಿತು. ಒಬ್ಬ ಮನುಷ್ಯ ಒಂದು ಬಟ್ಟಲು ಗಂಜಿ ಕುಡಿಯುವಷ್ಟು ಹೊತ್ತು, ಅಷ್ಟೆ. ಮತ್ತೆ ಹಾವು ಕಣ್ಣು ತೆರೆಯಿತು, ನೀರು ಹೊರಗೆ ಹರಿಯಿತು. ಅಷ್ಟೇ ಗೀರು ತುಂಬಿದಾಗ ಮತ್ತೆ ನಿಲ್ಲುತ್ತದೆ ಎಂದು ಅವನು ಲೆಕ್ಕ ಹಾಕಿದ. ನಿಂತಿತು. ಅವನು ಹುಟ್ಟು ಹಾಕಿದ. ಆಚೆ ದಡ ಮುಟ್ಟುವಾಗ ಹಾವು ಎದ್ದು ಬಾಲದಿಂದ ಹೊಡೆಯಿತು. ದೋಣಿ ಉಳಿಯಿತು, ಅವನು ತೊಯ್ದು ತೊಪ್ಪೆಯಾದ.

ಬಂಡೆಯ ಮೇಲೆ ಒಂದು ಕರಿ ಕಾಗೆ ಕೂತಿತ್ತು. ಕೊಕ್ಕಿನಲ್ಲಿ ಒಣ ಹತ್ತಿಯ ಅಂಗಿ.

"ನಡುಗುತ್ತಿದ್ದೀಯಲ್ಲೋ. ಒದ್ದೆ ಬಿಚ್ಚು, ಇದು ತೊಡು."

"ಬೇಡ. ನನಗೆ ಅಂಗಿ ಇದೆ," ಎಂದ ಹೊನ್ನರಸ.

ಎರಡನೇ ದಿನ ಬೆಟ್ಟದ ಕಣಿವೆಗೆ ಬಂದ. ದಾರಿಗೆ ಅಡ್ಡವಾಗಿ ಒಂದು ನುಣುಪು ಬಂಡೆ. ಬಂಡೆಯ ಮೇಲೆ ಯಾರೋ ಹಿಂದಿನವರು ಕೆತ್ತಿದ ಹಿಮಸಾರಂಗ. ಅವನು ಹತ್ತಿರ ಹೋದಾಗ ಅದು ಬಂಡೆಯಿಂದ ಹೊರಗೆ ಬಂದು ಕೊಂಬು ಇಳಿಸಿತು.

"ಐದು ಸಾವಿರ ವರ್ಷದ ಹಿಂದೆ ಒಂದು ಕೈ ನನ್ನನ್ನು ಕೆತ್ತಿತು. ಆ ಕೈಯವನ ಹೆಸರು ಹೇಳು. ತಪ್ಪಿದರೆ ತಿವಿಯುತ್ತೇನೆ."

ಬಂಡೆಯ ಬುಡದಲ್ಲಿ ಮುರಿದ ಕತ್ತಿ, ತುಕ್ಕು ಹಿಡಿದ ಕಿರೀಟ ಬಿದ್ದಿದ್ದವು. ಬಂದವರೆಲ್ಲ ಒಬ್ಬೊಬ್ಬ ರಾಜನ ಹೆಸರು ಹೇಳಿದ್ದರು.

"ನನಗೆ ಗೊತ್ತಿಲ್ಲ," ಎಂದ ಹೊನ್ನರಸ.

"ಗೊತ್ತಿಲ್ಲವೇ?"

"ಇಲ್ಲ. ನಾನು ನೋಡಬಲ್ಲೆ, ಅಷ್ಟೆ. ನಿನ್ನ ಹಿಂಗಾಲು ಕೆತ್ತುವಾಗ ಉಳಿ ಜಾರಿದೆ. ಅವನು ಅದನ್ನು ಬಿಟ್ಟು ಮತ್ತೆ ಮೊದಲಿನಿಂದ ಗೀರಿದ್ದಾನೆ. ಅವಸರ ಮಾಡಿಲ್ಲ. ಅಷ್ಟು ದೂರದಿಂದ ಬಂದ ನನಗೂ ನೀನು ಸಾರಂಗ ಎಂದು ತಿಳಿಯಿತು. ಆ ಕೈಗೆ ನನ್ನ ನಮಸ್ಕಾರ."

ಸಾರಂಗ ತಿರುಗಿ ತನ್ನ ಹಿಂಗಾಲು ನೋಡಿಕೊಂಡಿತು. ಬಹಳ ಹೊತ್ತು ನೋಡಿಕೊಂಡಿತು.

"ಅವನು ಬೈದುಕೊಂಡಿದ್ದ, ಉಳಿ ಜಾರಿದಾಗ," ಎಂದಿತು. "ನೆನಪಾಯಿತು. ಹೋಗು."

ಕಣಿವೆಯಾಚೆ ಕೆಸರು. ಹೊನ್ನರಸ ಸೊಂಟದವರೆಗೆ ಹೂತು ಎದ್ದ. ಕಾಗೆ ಕಾದಿತ್ತು. ಕೊಕ್ಕಿನಲ್ಲಿ ಹೊಸ ಉಣ್ಣೆಯ ಅಂಗಿ.

"ಹಂದಿಯ ಹಾಗಿದ್ದೀಯಲ್ಲೋ. ಕೊಳೆ ಬಿಚ್ಚು, ಇದು ತೊಡು."

"ಬೇಡ. ನನಗೆ ಅಂಗಿ ಇದೆ."

ಮೂರನೇ ದಿನ ಗ್ರಿಮ್‌ನ ದಂಡೆಗೆ ಬಂದ. ದಂಡೆಯ ತುಂಬ ದುಂಡು ಕಲ್ಲುಗಳು. ಎತ್ತರದ ಬಂಡೆಯ ಮೇಲೆ ಗ್ರಿಮ್ ಕೂತಿದ್ದ, ಹೆಗಲ ಮೇಲೆ ಕಾಗೆ, ಕೈಯಲ್ಲಿ ಪೀತಾಂಬರ.

"ಥೂ, ಏನು ನಾತ! ರಾಜನ ಮಗನಾಗಿ ಹೀಗೆ ನನ್ನ ಮುಂದೆ ಬರುವುದೇ? ಇದು ಉಡು, ಆಮೇಲೆ ಮಾತಾಡೋಣ."

"ಬೇಡ. ನನಗೆ ಅಂಗಿ ಇದೆ. ಬಾತುಗಳನ್ನು ಬಿಡು."

ಗ್ರಿಮ್ ನಕ್ಕ. "ಇಲ್ಲಿ ಸಾವಿರ ಕಲ್ಲಿವೆ. ಮುನ್ನೂರು ನಿನ್ನ ಬಾತುಗಳು, ಉಳಿದವು ಬರೀ ಕಲ್ಲು. ಆರಿಸಿಕೋ. ಬಾತನ್ನು ಮುಟ್ಟಿದರೆ ಅದು ನಿನ್ನದು. ಬರೀ ಕಲ್ಲು ಮುಟ್ಟಿದವನು ಯಾರೇ ಆಗಲಿ, ಕಲ್ಲಾಗುತ್ತಾನೆ. ಸೂರ್ಯ ಕಡಲಂಚಿಗೆ ಇಳಿಯುವವರೆಗೆ ನಿನ್ನ ಹೊತ್ತು."

ಹೊನ್ನರಸ ಬಗ್ಗಿ ನೋಡಿದ. ಬಣ್ಣ ಒಂದೇ, ಗಾತ್ರ ಒಂದೇ. ನೆರಳೂ ಒಂದೇ. ಅವನು ಮಧ್ಯಾಹ್ನದವರೆಗೆ ನೋಡಿದ. ವ್ಯತ್ಯಾಸ ಸಿಗಲಿಲ್ಲ. ಸಿಗುವುದಿಲ್ಲ ಎಂದು ಖಚಿತವಾಯಿತು.

ಆಗ ಅವನು ಬೇರೆ ಪ್ರಶ್ನೆ ಕೇಳಿಕೊಂಡ. ಅಜ್ಜಿ ಎಂದಾದರೂ ಬಾತನ್ನು ಹುಡುಕಿಕೊಂಡು ಹೋಗಿದ್ದಾಳೆಯೇ? ಇಲ್ಲ. ಅವಳು ಮನೆ ಕಟ್ಟುತ್ತಾಳೆ. ಆಮೇಲೆ ದೂರ ಸರಿಯುತ್ತಾಳೆ.

ಅವನು ದುಂಡು ಕಲ್ಲು ಮುಟ್ಟಲಿಲ್ಲ. ದಂಡೆಯ ಮೇಲ್ಬದಿಗೆ ಹೋಗಿ ತೇಲಿಬಂದ ಮರ ಆಯ್ದು ತಂದ. ಮುರಿದ ಹಲಗೆ, ಹಳೆಯ ಹಡಗಿನ ಪಕ್ಕೆ, ಒಂದು ಪೀಪಾಯಿ. ಒರಗಿಸಿ ಒರಗಿಸಿ ಪುಟ್ಟ ಮನೆಗಳನ್ನು ಮಾಡಿದ. ಒಳಗೆ ಒಣಪಾಚಿ ಹಾಸಿದ. ಗಾಳಿಗೆ ಬೆನ್ನಾಗುವಂತೆ ಬಾಗಿಲು ತಿರುಗಿಸಿದ.

"ಏನೋ, ಬಾತು ಹುಡುಕೋಕೆ ಬಂದೆಯೋ ಸಂಸಾರ ಹೂಡೋಕೆ ಬಂದೆಯೋ?" ಎಂದ ಗ್ರಿಮ್.

ಹೊನ್ನರಸ ಕೊನೆಯ ಹಲಗೆ ಒರಗಿಸಿದ. ಮೆಲ್ಲಗೆ ದೂರ ಸರಿದು, ಕಲ್ಲುಗಳಿಗೆ ಬೆನ್ನು ಹಾಕಿ ಕೂತ. ಬೂದು ಅಂಗಿಯ ಮೇಲೆ ಬಿಸಿಲು ಬಿತ್ತು. ಅವನು ಅಲುಗಾಡಲಿಲ್ಲ.

ಸೂರ್ಯ ಇಳಿಯುತ್ತಾ ಬಂದ. ಏನೂ ಆಗಲಿಲ್ಲ. ಇನ್ನೂ ಇಳಿದ. ಏನೂ ಆಗಲಿಲ್ಲ. ಸೂರ್ಯನಿಗೂ ಕಡಲಿಗೂ ನಡುವೆ ಒಂದು ಬೆರಳಿನ ಅಂತರ ಉಳಿದಾಗ, ಹಿಂದೆ ಸದ್ದಾಯಿತು. ಒಂದು ಕಲ್ಲು ಉರುಳಿತು. ತಾನಾಗಿ ಉರುಳಿತು. ಉರುಳುತ್ತಾ ಪೀಪಾಯಿಯ ಒಳಗೆ ಹೋಯಿತು. ಪಾಚಿ ಸರಸರ ಎಂದಿತು. ಆಮೇಲೆ ಯಾರೋ ಬುಸುಗುಟ್ಟಿದರು.

ಕುಂಟು ಬಾತು!

ಎರಡನೇ ಕಲ್ಲು ಉರುಳಿತು, ಮೂರನೆಯದು ಉರುಳಿತು. ಮಾಂತ್ರಿಕ ಕಟ್ಟಿದ್ದನ್ನು ಬಿಚ್ಚಲು ಯಾರಿಗೂ ಆಗದು. ಆದರೆ ಮನೆ ಕಂಡ ಬಾತು ತಾನಾಗಿ ನಡೆದರೆ ಅದನ್ನು ತಡೆಯುವ ಮಂತ್ರ ಅವನಲ್ಲಿರಲಿಲ್ಲ.

"ನಿಲ್ಲಿ! ನಿಲ್ಲಿ!" ಗ್ರಿಮ್ ಬಂಡೆಯಿಂದ ಹಾರಿ ಬಂದ. ಉರುಳುವ ಕಲ್ಲು ಹಿಡಿಯಲು ಎರಡೂ ಕೈ ಚಾಚಿದ. ಉರುಳುವ ಕಲ್ಲು ಎಡಗೈಗೆ ಸಿಗದೆ ತಪ್ಪಿತು. ಬಲಗೈ ಬರೀ ಕಲ್ಲಿನ ಮೇಲೆ ಬಿತ್ತು.

ಅವನು ಹೇಳಿದ್ದ ಮಾತು ಅವನಿಗೂ ಸಲ್ಲುತ್ತಿತ್ತು. ಗ್ರಿಮ್ ಬಗ್ಗಿದ ಭಂಗಿಯಲ್ಲೇ ಕಲ್ಲಾದ. ಕಾಗೆ ಪೀತಾಂಬರ ಕಚ್ಚಿಕೊಂಡು ಹಾರಿಹೋಯಿತು, ಮತ್ತೆ ಯಾರಿಗೂ ಕಾಣಲಿಲ್ಲ.

ಮುನ್ನೂರು ಬಾತುಗಳು ಆಕಾಶಕ್ಕೆದ್ದು ಮೂಡಲಿಗೆ ತಿರುಗಿದವು. ಹೊನ್ನರಸ ಅವುಗಳ ಹಿಂದೆ ಓಡಿದ. ಸಾರಂಗ ಅವನನ್ನು ಬೆನ್ನ ಮೇಲೆ ಹೊತ್ತು ಒಂದೇ ಓಟಕ್ಕೆ ಕಣಿವೆ ದಾಟಿಸಿತು. ಗ್ರಿಮ್ ಇಲ್ಲದ ಸುಳಿಯಲ್ಲಿ ಹಾವು ಎಚ್ಚರಗೊಳ್ಳಲೇ ಇಲ್ಲ.

ದ್ವೀಪದಲ್ಲಿ ಅವನು ಕಂಡದ್ದು ಇದು: ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಹುಲ್ಲಿನ ಮೇಲೆ ಕದಲದೆ ಕೂತಿದ್ದರು. ಒಬ್ಬೊಬ್ಬರ ಎದೆಯಲ್ಲಿ, ಅಂಗಿಯ ಒಳಗೆ, ತುಪ್ಪುಳದಲ್ಲಿ ಸುತ್ತಿದ ಮೊಟ್ಟೆಗಳು. ಮೂರು ದಿನ ಅವರು ಮಲಗಿರಲಿಲ್ಲ. ಟೋರ್ಲೈವ್ ಟೊಪ್ಪಿಯಲ್ಲಿ ನಾಲ್ಕು ಮೊಟ್ಟೆ ಇಟ್ಟುಕೊಂಡು ತಲೆ ನೆಟ್ಟಗೆ ಹಿಡಿದಿದ್ದ.

"ಬೇಗ ಬಾರಪ್ಪ ದೊರೆಮಗ," ಎಂದ ಪಿಸುದನಿಯಲ್ಲಿ. "ಸೀನು ಬರುತ್ತಿದೆ."

ಮೊಟ್ಟೆಗಳನ್ನು ಗೂಡಿಗಿಟ್ಟು ಎಲ್ಲರೂ ದೂರ ಸರಿದರು. ಬಾತುಗಳು ಇಳಿದವು. ಒಂದೊಂದಾಗಿ ತಮ್ಮ ತಮ್ಮ ಮನೆ ಹೊಕ್ಕವು. ದೂರ ಹೋಗಿ ಟೋರ್ಲೈವ್ ಏಳು ಬಾರಿ ಸೀನಿದ.

ಹೊನ್ನರಸ ಅಜ್ಜಿಯ ಕಾಲು ಮುಟ್ಟಲು ಬಗ್ಗಿದ. ಆ ಸೀಮೆಯಲ್ಲಿ ಆ ಪದ್ಧತಿಯಿಲ್ಲ. ಏನೋ ಕಳೆದುಕೊಂಡಿದ್ದಾನೆ ಎಂದು ಅಜ್ಜಿಯೂ ಬಗ್ಗಿ ಹುಡುಕಿದಳು. ಇಬ್ಬರ ತಲೆ ಢೀ ಹೊಡೆಯಿತು.

"ನಾನು ನಿಮ್ಮ ಉಪಕಾರ ಹೇಗೆ ತೀರಿಸಲಿ, ಅಜ್ಜಿ?"

"ನಾನೂ ಅದನ್ನೇ ಕೇಳಬೇಕೆಂದಿದ್ದೆ," ಎಂದಳು ಅಜ್ಜಿ ಹಣೆ ಉಜ್ಜಿಕೊಳ್ಳುತ್ತಾ. "ಇಬ್ಬರೂ ಸುಮ್ಮನಿರೋಣ. ಹಬ್ಬದೂಟ ಇನ್ನೂ ಬಾಕಿ ಇದೆ."

ಇಪ್ಪತ್ತು ದಿನ ಕಳೆದು ಮೊಟ್ಟೆಗಳು ಒಡೆದವು. ಒಂದು ತಂಪು ಬೆಳಗ್ಗೆ ತಾಯಿಬಾತುಗಳು ಮರಿಗಳನ್ನು ಕರೆದುಕೊಂಡು ಕಡಲಿಗೆ ಹೊರಟವು. ದಾರಿಯ ಪಕ್ಕದಲ್ಲಿ ಹೊನ್ನರಸ ಉಸಿರು ಹಿಡಿದು ನಿಂತಿದ್ದ. ಕೊನೆಯದಾಗಿ ಕುಂಟು ಬಾತು ಐದು ಮರಿಗಳೊಂದಿಗೆ ಬಂತು. ಅವನನ್ನು ಕಂಡು ನಿಂತಿತು. ಕೊಕ್ಕು ತೆರೆಯಿತು, ಮುಚ್ಚಿತು. ಸುತ್ತಿ ಹೋಗಲು ಜಾಗವಿತ್ತು. ಅದು ಸುತ್ತಲಿಲ್ಲ. ಅವನ ಎಡಪಾದದ ಮೇಲೆ ಹತ್ತಿ ಇಳಿದು ಮುಂದೆ ನಡೆಯಿತು. ಅದರ ಹಿಂದೆ ಐದು ಮರಿಗಳೂ ಒಂದೊಂದಾಗಿ ಹತ್ತಿದವು, ಇಳಿದವು.

ಆ ವರ್ಷ ಹೆಲ್ವಿಕ್ ಸೀಮೆಯ ಒಂದು ತೊಟ್ಟಿಲೂ ತಣ್ಣಗಾಗಲಿಲ್ಲ. ದೊಡ್ಡವರು ದುಡಿದರು, ಚಿಕ್ಕವರು ಬೆಳೆದರು, ಬಾತುಗಳು ವರ್ಷವರ್ಷವೂ ಬಂದವು. ಬಾತು ಹತ್ತಿಳಿದ ಆ ದಿನ ಹೊನ್ನರಸ ಎಡಗಾಲನ್ನು ಸಂಜೆಯವರೆಗೆ ತೊಳೆಯಲಿಲ್ಲ.